ಒಂದನೇ ಟ್ರ್ಯಾಕಿನಲ್ಲಿ ತಾಳ ಮಾತ್ರ

ಅಂದು ಬೆಳಿಗ್ಗೆ ಕೋಣನಕುಂಟೆಯ ಮೇಲೆ ಮೋಡ ಕವಿದಿತ್ತು. ಮಳೆ ಬೀಳಲಿಲ್ಲ, ಬಿಸಿಲೂ ಏಳಲಿಲ್ಲ. ಕನಕಪುರ ರಸ್ತೆಯ ಮೆಟ್ರೋ ಕಂಬಗಳ ತಲೆ ಮಂಜಿನಲ್ಲಿ ಮರೆಯಾಗಿತ್ತು. ಕಾರ್ತಿಕದ ಚಳಿ ಹೊಸಿಲಿನ ತನಕ ಬಂದು ಕೂತಿತ್ತು.

ಬೈರಣ್ಣನವರ ನಡುಮನೆಯಲ್ಲಿ ಎಲ್ಲರೂ ಸೇರಿದ್ದರು. ಹಿಂದಿನ ದಿನವಷ್ಟೇ ಅವರು ಆಸ್ಪತ್ರೆಯಿಂದ ಮನೆಗೆ ಬಂದಿದ್ದರು. ಗಂಟಲಿನ ಕ್ಯಾನ್ಸರ್. ಧ್ವನಿಪೆಟ್ಟಿಗೆಯನ್ನೇ ತೆಗೆದಿದ್ದರು. ಕತ್ತಿನ ಬುಡದಲ್ಲಿ ಒಂದು ತೂತು, ಅದರ ಮೇಲೆ ಬಿಳಿಯ ತೆಳುಬಟ್ಟೆ. ಉಸಿರಾಟ ಇನ್ನು ಅಲ್ಲಿಂದಲೇ. ಮಾತು ಇನ್ನಿಲ್ಲ.

ಕೋಣನಕುಂಟೆ ಇನ್ನೂ ಹಳ್ಳಿಯಾಗಿದ್ದ ಕಾಲದಿಂದ ಶನಿವಾರದ ಭಜನೆಗೆ ಮೊದಲ ಸೊಲ್ಲು ಎತ್ತುತ್ತಿದ್ದವರು ಅವರೇ. ಗುರುವಿನ ಬಾಯಿಂದ ಅವರ ಕಿವಿಗೆ ಬಂದ ತತ್ವಪದಗಳು. ಅವರು ಒಂದು ಸಾಲು ಹೇಳುವುದು, ಹಿಮ್ಮೇಳ ಅದನ್ನು ಎತ್ತಿಕೊಳ್ಳುವುದು. ಆಸ್ಪತ್ರೆಗೆ ಸೇರುವ ಮುಂಚೆ ಆ ಧ್ವನಿಯನ್ನು ಮನೆಮಂದಿ ಒಂದು ರೆಕಾರ್ಡರಿನಲ್ಲಿ ಹಿಡಿದಿಟ್ಟಿದ್ದರು. ಮಣೆಯಷ್ಟು ಅಗಲದ ಕಪ್ಪು ಮೆಷಿನ್ನು. ಕಂಪ್ಯೂಟರ್ ಬೇಕಿಲ್ಲ. ಎಂಟು ಟ್ರ್ಯಾಕು, ಒಂದೊಂದಕ್ಕೂ ಮೇಲೆ ಕೆಳಗೆ ಜಾರುವ ಒಂದೊಂದು ಗುಂಡಿ. ಒಂದನೇ ಟ್ರ್ಯಾಕು ಬೈರಣ್ಣನವರದು. ಎರಡನೆಯದು ಹಾರ್ಮೋನಿಯಂ, ಮೂರನೆಯದು ಡೋಲಕ್, ನಾಲ್ಕನೆಯದು ಹಿಮ್ಮೇಳ.

ಮಗ ರವಿಕಿರಣ್ ಗುಂಡಿ ಒತ್ತಿದ.

ಹಾರ್ಮೋನಿಯಂ ಎದ್ದಿತು. ಡೋಲಕ್ ಸೇರಿಕೊಂಡಿತು. ತಾಳ ಸಣ್ಣಗೆ ಕಿಣಿಗುಟ್ಟಿತು. ಬೈರಣ್ಣ ಕಣ್ಣು ಮುಚ್ಚಿದರು. ಮೊದಲ ಸೊಲ್ಲಿನ ಜಾಗ ಬಂತು.

ಯಾರೂ ಹಾಡಲಿಲ್ಲ.

ತಾಳ ತನ್ನ ಪಾಡಿಗೆ ನಡೆಯುತ್ತಿತ್ತು. ಆಮೇಲೆ ಹಿಮ್ಮೇಳ, ಯಾರೂ ಹೇಳದ ಸಾಲನ್ನು ಒಟ್ಟಾಗಿ ಎತ್ತಿಕೊಂಡಿತು.

ರವಿಕಿರಣ್ ಒಂದನೇ ಗುಂಡಿಯನ್ನು ತುದಿಯವರೆಗೂ ಏರಿಸಿದ. ತಾಳ ಜೋರಾಯಿತು, ಅಷ್ಟೇ. ಎರಡನೇ ಪದ ಹಾಕಿದ. ಮೂರನೆಯದು. ಎಲ್ಲದರಲ್ಲೂ ಅದೇ.

"ಅಯ್ಯೋ ಶಿವನೇ," ಎಂದು ಹೆಂಡತಿ ತಿಮ್ಮಕ್ಕ ಎದೆ ಹಿಡಿದುಕೊಂಡರು. "ಗಂಟ್ಲಲ್ಲಿದ್ದುದ್ದ ಡಾಕ್ಟ್ರು ತಗೊಂಡ್ರು. ಇದ್ರಲ್ಲಿದ್ದುದ್ದ ದೇವ್ರು ತಗೊಂಡ್ನಾ?"

ಬೈರಣ್ಣ ಅಳಲಿಲ್ಲ. ಬೆರಳೆತ್ತಿ ಸನ್ನೆ ಮಾಡಿದರು. ಇನ್ನೊಂದು ಸಲ ಹಾಕು. ಹಾಕಿದ. ಮತ್ತೆ ಬೆರಳೆತ್ತಿದರು. ತಲೆ ವಾಲಿಸಿ, ಕಿವಿ ಕೊಟ್ಟು, ಕೇಳಿದ್ದನ್ನೇ ಕೇಳಿದರು.

ಕಂಬಕ್ಕೊರಗಿ ಕೂತಿದ್ದ ವಾರಿಜಾ ಅದನ್ನು ಗಮನಿಸಿದರು.

* * *

ವಾರಿಜಾ ನಿವೃತ್ತ ಸಬ್ ಇನ್ಸ್‌ಪೆಕ್ಟರ್. ಮನೆ ಶ್ರೀನಗರದಲ್ಲಿ. ಗಂಡ ತೀರಿಕೊಂಡ ಮೇಲೆ ಪ್ರತಿ ಶನಿವಾರ ಈ ಭಜನೆಗೆ ಬಂದು ಕೂರುವುದು ಅವರ ರೂಢಿ. ಹಾಡುವುದಿಲ್ಲ, ಕೇಳುತ್ತಾರೆ.

"ಸ್ಟೇಷನ್ನಿಗೆ ಫೋನ್ ಮಾಡಿದ್ದೆ ಮೇಡಂ," ರವಿಕಿರಣ್ ಹಲ್ಲು ಕಚ್ಚಿ ಹೇಳಿದ. "ಧ್ವನಿ ಕಳುವಾಗಿದೆ ಅಂದೆ. ಹಂಗಾದ್ರೆ ಇಎನ್‌ಟಿ ಡಾಕ್ಟ್ರ ಹತ್ರ ಹೋಗಿ ಅಂತ ನಕ್ಕು ಫೋನ್ ಇಟ್ಟ."

ಅವನು ಮೆಷಿನ್ನಿನ ತಂತಿ ಬಿಚ್ಚತೊಡಗಿದ.

"ಇಲ್ಲಾಂದ್ರೆ ಮೆಷಿನ್ ಕೆಟ್ಟಿರ್ಬೇಕು. ಅಂಗಡಿಗೆ ತಗೊಂಡು ಹೋಗ್ತೀನಿ."

"ನಿಲ್ಲಪ್ಪ," ವಾರಿಜಾ ತಡೆದರು. "ಮೊದಲು ಹೇಳು, ಇದೇ ಮೆಷಿನ್ ಯಾಕೆ ತಗೊಂಡ್ರಿ?"

ಮೂರು ಜನ ಒಟ್ಟಿಗೆ ಬಾಯಿ ತೆರೆದರು. ಮಹಡಿಯ ಮೇಲಿನ ಬಾಡಿಗೆದಾರ ದಿನೇಶ್ ಮೊದಲಿಗನಾದ. ಅವನು ಬ್ಯಾಂಡಿನಲ್ಲಿ ಡ್ರಮ್ಸ್ ಬಾರಿಸುವವನು. ಈ ಮೆಷಿನ್ ನಡೆಸಿದ್ದೂ ಅವನೇ.

"ಮೇಡಂ, ನಾನು ಬೇಡ ಅಂದೆ. ನನ್ ಲ್ಯಾಪ್‌ಟಾಪ್ ಇದೆ, ಮೈಕ್ ಹಾಕೋಣ, ಸಖತ್ತಾಗಿ ಬರುತ್ತೆ, ಎಲ್ಲದಕ್ಕೂ ಬ್ಯಾಕಪ್ ಇರುತ್ತೆ ಅಂದೆ. ಕೇಳಿದ್ರೆ ತಾನೆ?"

"ದೇವ್ರ ಕೋಣೇಲಿ ಅದು ಟಿವಿ ಥರ ಉರೀತಿದ್ರೆ ಇವ್ರಿಗೆ ಮನ್ಸು ನಿಲ್ಲೋದುಂಟಾ?" ತಿಮ್ಮಕ್ಕ ಕೇಳಿದರು. "ಒಂದ್ ಪದ ಮುಗಿಯೋದ್ರೊಳ್ಗೆ ಅದೇನೋ ಅಪ್‌ಡೇಟು ಅಂತಿದ್ದೆ ನೀನು."

"ನಾನು ದೊಡ್ಡದು ತಗೊಳ್ಳೋಣ ಅಂದೆ," ಎಂದ ರವಿಕಿರಣ್. "ಜಯನಗರದ ಅಂಗಡೀಲಿ ತೋರಿಸಿದ್ರು. ಎಂಟು ಮೈಕು ಒಟ್ಟಿಗೆ ಹಿಡಿಯೋದು. ಎಲ್ಲಾರೂ ಸುತ್ತ ಕೂತು ಒಂದೇ ಸಲಕ್ಕೆ ಭಜನೆ ಮುಗಿಸಬಹುದಿತ್ತು. ಇದಕ್ಕೆ ಎಂಟು ಟ್ರ್ಯಾಕ್ ಇದ್ರೂ ಒಂದ್ಸಲಕ್ಕೆ ಹಿಡಿಯೋದು ಎರಡೇ. ಶಿವಣ್ಣ ಇದೇ ಬೇಕು ಅಂದ್ರು."

ಬಾಗಿಲ ಬಳಿ ಕೂತಿದ್ದ ಶಿವರಾಜ್ ತಲೆ ಎತ್ತಿದ. ತಲಘಟ್ಟಪುರದಲ್ಲಿ ಅವನದೊಂದು ಫೋಟೋ ಸ್ಟುಡಿಯೋ ಇದೆ. ಮೀಸೆ ಮೂಡುವ ವಯಸ್ಸಿನಲ್ಲಿ ಈ ಮನೆಗೆ ಬಂದವನು. ಈಗ ತಲೆ ನರೆತಿದೆ. ಹಿಮ್ಮೇಳದ ಮೊದಲ ದನಿ ಅವನದು.

"ಗುರುಗಳಿಗೆ ಕೆಮ್ಮು ಇತ್ತಲ್ಲ ಮೇಡಂ. ಎಲ್ಲಾರೂ ಒಟ್ಟಿಗೆ ಕೂತ್ರೆ, ಅವರು ಕೆಮ್ಮಿದಾಗೆಲ್ಲ ಎಲ್ಲಾರೂ ಮೊದಲಿಂದ. ಸಂಕೋಚಕ್ಕೆ ಕೆಮ್ಮು ನುಂಗ್ಕೊಂಡು ಹಾಡ್ತಾರೆ. ಇದಾದ್ರೆ ಒಬ್ರೇ ಕೂತು, ಸುಸ್ತಾದಾಗ ನಿಲ್ಲಿಸಿ, ನೆಮ್ಮದಿಯಾಗಿ ಹಾಡಬಹುದು. ನಾವು ಆಮೇಲೆ ಒಬ್ಬೊಬ್ರೇ ಸೇರ್ಕೊಂಡ್ರೆ ಆಯ್ತು ಅಂದೆ."

ಬೈರಣ್ಣ ಹೌದೆಂಬಂತೆ ತಲೆ ಆಡಿಸಿದರು. ಆದರೆ ಅವನ ಕಡೆ ನೋಡಲಿಲ್ಲ.

"ಅವರು ಹಾಡುವಾಗ ಕೈಯಲ್ಲಿ ತಾಳ ಇತ್ತಾ?" ವಾರಿಜಾ ಕೇಳಿದರು.

"ತಾಳ ಇಲ್ದೆ ಅವ್ರ ಬಾಯಿ ತೆರೆಯೋದೇ ಇಲ್ಲ ಕಣವ್ವ," ಎಂದರು ತಿಮ್ಮಕ್ಕ.

"ಅಂದ್ರೆ ಧ್ವನಿ, ತಾಳ ಎರಡೂ ಒಂದೇ ಮೈಕಿನಲ್ಲಿ, ಒಂದೇ ಟ್ರ್ಯಾಕಿನಲ್ಲಿ ಬಿದ್ದಿದೆ. ದಿನೇಶ್, ಅದರಲ್ಲಿ ಧ್ವನಿ ಮಾತ್ರ ತೆಗೆದು ತಾಳ ಉಳಿಸೋಕೆ ಆಗುತ್ತಾ?"

ದಿನೇಶ್ ಕೆನ್ನೆ ಕೆರೆದುಕೊಂಡ. "ಈ ಮೆಷಿನ್ನಲ್ಲಿ ಸಾಧ್ಯಾನೇ ಇಲ್ಲ. ಕಂಪ್ಯೂಟರಲ್ಲಿ ಟ್ರೈ ಮಾಡಬಹುದು. ಆದ್ರೂ ಎಲ್ಲೋ ಒಂದು ಉಸಿರು, ಒಂದು ಎಳೆ ಉಳ್ಕೊಳ್ಳುತ್ತೆ. ಇದ್ರಲ್ಲಿ ಏನೂ ಇಲ್ಲ ಮೇಡಂ. ಕೆಮ್ಮೂ ಇಲ್ಲ."

"ಕಾರ್ಡ್ ತೆಗಿ."

ಮೆಷಿನ್ನಿನ ಪಕ್ಕದ ಸಂದಿಯಿಂದ ಉಗುರಿನಷ್ಟು ಅಗಲದ ಕಾರ್ಡು ಹೊರಬಂತು. ಧ್ವನಿಯೆಲ್ಲ ಕೂತಿರುವುದು ಅದರಲ್ಲೇ. ವಾರಿಜಾ ಅದನ್ನು ಬೆಳಕಿಗೆ ಹಿಡಿದರು. ಕಪ್ಪು ಕಾರ್ಡು, ಮೇಲೆ ಬಿಳಿಯ ಚೀಟಿ. ಸ್ವಚ್ಛವಾಗಿತ್ತು.

ತಿಮ್ಮಕ್ಕ ಹತ್ತಿರ ಬಂದರು. ಬಗ್ಗಿ ನೋಡಿದರು.

"ಇದಲ್ಲ."

"ಯಾಕಮ್ಮ?"

"ಮೆಷಿನ್ ತಂದ ದಿನ ಪೂಜೆ ಮಾಡಿದ್ನಲ್ಲ. ಸ್ವಾಮಿ ಇರೋದು ಯಾವುದ್ರಲ್ಲಿ ಅಂತ ಕೇಳ್ದೆ. ಈ ದಿನೇಶ ಕಾರ್ಡು ತೋರಿಸ್ದ. ಅರಿಶಿನ ಕುಂಕುಮ ಇಟ್ಟೆ. ಮೆಷಿನ್ ಕೆಟ್ಟೋಗುತ್ತೆ ಆಂಟಿ ಅಂತ ಬಡ್ಕೊಂಡ."

"ಹೌದು ಮೇಡಂ. ಒರೆಸಿ ಹಾಕ್ದೆ. ಕುಂಕುಮ ಹೋಯ್ತು, ಚೀಟಿ ಮೇಲೆ ಅರಿಶಿನದ ಕಲೆ ಹೋಗ್ಲೇ ಇಲ್ಲ."

ವಾರಿಜಾ ಸಂದಿಯಲ್ಲಿ ಕಡ್ಡಿ ಆಡಿಸಿದರು. ತುದಿಯಲ್ಲಿ ಕೆಂಪು ಹುಡಿ ಅಂಟಿಕೊಂಡಿತು. ಮೆಷಿನ್ನು ಅದೇ. ಕಾರ್ಡು ಬೇರೆ.

"ದೇವರು ಧ್ವನಿ ತಗೊಂಡಿಲ್ಲ ತಿಮ್ಮಕ್ಕ," ಎಂದರು ಅವರು. "ಯಾರೋ ಎತ್ತಿಟ್ಟಿದ್ದಾರೆ."

* * *

"ಇನ್ಯಾರು? ಇವನೇ!" ರವಿಕಿರಣ್ ದಿನೇಶನ ಕಾಲರ್ ಹಿಡಿದ. "ಅಪ್ಪನ ಧ್ವನಿ ಕೊಡಣ್ಣ, ರೀಮಿಕ್ಸ್ ಮಾಡ್ತೀನಿ ಅಂತ ಎಷ್ಟು ಸಲ ಹಿಂದೆ ಬಿದ್ದಿದ್ದ."

"ಕೈ ಬಿಡು ಗುರು. ಕೇಳಿದ್ದು ನಿಜ. ಬೇಡ ಅಂದ್ರಿ, ಸುಮ್ನಾದೆ."

ವಾರಿಜಾ ಮಹಡಿ ಹತ್ತಿದರು. ದಿನೇಶನ ಕೋಣೆ ತುಂಬ ತಂತಿಗಳು. ಲ್ಯಾಪ್‌ಟಾಪ್ ತೆರೆಸಿದರು. ಒಂದು ಕಡೆ ಬೈರಣ್ಣನವರ ಧ್ವನಿ ಸಿಕ್ಕಿತು. ರವಿಕಿರಣ್ ಮುಷ್ಟಿ ಕಟ್ಟಿದ.

ಅದು ಫೋನಿನಲ್ಲಿ ಹಿಡಿದದ್ದು. ಮೆಟ್ಟಿಲ ಮೇಲೆ ಕೂತು ಕದ್ದು ಹಿಡಿದ ಎರಡು ಸಾಲು. ಹಿಂದೆ ಕುಕ್ಕರಿನ ಸೀಟಿ, ರಸ್ತೆಯ ಹಾರ್ನು. ಅದರ ಕೆಳಗೆ ದಿನೇಶನ ಡ್ರಮ್ಮು.

"ಇದೊಂದು ತಪ್ಪು ಮಾಡಿದ್ದೀನಿ ಮೇಡಂ," ಅವನ ಮುಖ ಇಳಿಯಿತು. "ಚೆನ್ನಾಗಿರೋದು ನನ್ನ ಹತ್ರ ಇದ್ದಿದ್ರೆ ಈ ಕುಕ್ಕರ್ ಸೀಟಿ ಇಟ್ಕೊಂಡು ಯಾಕೆ ಒದ್ದಾಡ್ತಿದ್ದೆ?"

"ಅವನಲ್ಲ," ಮೆಟ್ಟಿಲಿಳಿಯುತ್ತ ವಾರಿಜಾ ರವಿಕಿರಣನಿಗೆ ಹೇಳಿದರು. "ಧ್ವನಿ ಬೇಕಾದವನು ಕಾಪಿ ಮಾಡ್ಕೊಂಡು ಸುಮ್ಮನಿರ್ತಾನೆ. ನಿಮಗೆ ಗೊತ್ತೇ ಆಗ್ತಿರಲಿಲ್ಲ. ಇದು ಧ್ವನಿ ಬೇಕು ಅಂತ ಮಾಡಿದ ಕೆಲಸ ಅಲ್ಲ. ಈ ಮನೇಲಿ ಧ್ವನಿ ಕೇಳಿಸಬಾರದು ಅಂತ ಮಾಡಿದ್ದು."

ದಿನೇಶ್ ಮೇಲಿಂದ ಕೂಗಿದ. "ಮೇಡಂ, ಒಂದು ವಿಷ್ಯ. ಇವರೆಲ್ಲ ಆಸ್ಪತ್ರೇಲಿದ್ದಾಗ ಸಂಜೆ ಹೊತ್ತು ದೇವರ ಕೋಣೇಲಿ ತಾಳ ಕೇಳಿಸ್ತಿತ್ತು. ದೀಪ ಹಚ್ಚೋರು ಭಜನೆ ಮಾಡ್ತಿದ್ದಾರೆ ಅಂದ್ಕೊಂಡೆ."

"ದೀಪ ಹಚ್ಚೋಕೆ ಯಾರು ಬರ್ತಿದ್ರು?"

"ನಾನು, ಶಿವಣ್ಣ," ಎಂದ ರವಿಕಿರಣ್. "ಒಂದೊಂದು ದಿನ ಒಬ್ಬೊಬ್ರು." ಹೇಳಿದ ಮೇಲೆ ಅವನ ದನಿ ಕುಗ್ಗಿತು. "ನನ್ನ ಮೇಲೆ ಅನುಮಾನಾನಾ ಮೇಡಂ?"

ವಾರಿಜಾ ಯೋಚಿಸುತ್ತ ಉಳಿದ ಮೆಟ್ಟಿಲಿಳಿದರು. ರವಿಕಿರಣ್ ತಾಳ ಬಾರಿಸಬಲ್ಲ. ಹಿಮ್ಮೇಳದಲ್ಲಿ ಯಾರು ತಾಳ ಬಾರಿಸಲಾರರು?

* * *

ಮಧ್ಯಾಹ್ನ ಬೈರಣ್ಣ ಒಬ್ಬರೇ ಮಲಗಿದ್ದರು. ವಾರಿಜಾ ಮೆಷಿನ್ ತಂದು ಪಕ್ಕದಲ್ಲಿಟ್ಟರು.

"ಬೈರಣ್ಣ, ನಿಮ್ಮ ತಾಳ ಎಲ್ಲಿ?"

ಅವರು ದಿಂಬಿನ ಕೆಳಗಿಂದ ಬಟ್ಟೆಯ ಚೀಲ ತೆಗೆದರು. ಕಂಚಿನ ತಾಳ. ಗುರು ಕೊಟ್ಟದ್ದು. ಆಸ್ಪತ್ರೆಗೂ ಜೊತೆಗೇ ಹೋಗಿತ್ತು.

"ಒಂದ್ಸಲ ಹೊಡೀರಿ."

ಹೊಡೆದರು. ನಾದ ಗೋಡೆಯಿಂದ ಗೋಡೆಗೆ ಹೋಗಿ ನಿಧಾನವಾಗಿ ಕರಗಿತು. ವಾರಿಜಾ ಒಂದನೇ ಟ್ರ್ಯಾಕ್ ಒಂದನ್ನೇ ಏರಿಸಿದರು. ಅದರ ತಾಳ ತೆಳು. ನಾದ ಹುಟ್ಟುತ್ತಲೇ ಸಾಯುತ್ತಿತ್ತು. ಬೇರೆ ಜೋಡಿ.

ಅವರು ಮತ್ತೆ ಕೇಳಿದರು. ಹಿಮ್ಮೇಳವನ್ನೂ ಏರಿಸಿ ಕೇಳಿದರು. ಒಂದು ಸಂಗತಿ ಕಿವಿಗೆ ಬಿತ್ತು. ಹಿಮ್ಮೇಳ ಹಾಡುವಾಗ ತಾಳ ಬಿಚ್ಚಿಕೊಳ್ಳುತ್ತಿತ್ತು. ಮೊದಲ ಸೊಲ್ಲಿನ ಖಾಲಿ ಜಾಗ ಬಂದಾಗ ಬೆರಳಿನಿಂದ ಒತ್ತಿ ಹಿಡಿದಂತೆ ಮೆತ್ತಗಾಗುತ್ತಿತ್ತು. ಪ್ರತಿ ಪದದಲ್ಲೂ, ಪ್ರತಿ ಸಾಲಿನಲ್ಲೂ.

ವಾರಿಜಾ ಮೆಷಿನ್ ನಿಲ್ಲಿಸಿದರು.

"ನಿಮಗೆ ಬೆಳಿಗ್ಗೇನೇ ಗೊತ್ತಾಗಿತ್ತು, ಅಲ್ವಾ?"

ಬೈರಣ್ಣ ತಾಳವನ್ನು ಚೀಲಕ್ಕೆ ಹಾಕಿದರು. ಚೀಲವನ್ನು ದಿಂಬಿನ ಕೆಳಗೆ ತಳ್ಳಿದರು. ಗೋಡೆಯ ಕಡೆ ತಿರುಗಿ ಮಲಗಿದರು.

ಹೊರಗೆ ತಿಮ್ಮಕ್ಕ ಅಕ್ಕಿ ಆರಿಸುತ್ತಿದ್ದರು. ವಾರಿಜಾ ಪಕ್ಕದಲ್ಲಿ ಕೂತರು.

"ಹಾಡೋರು ನಿಲ್ಲಿಸಿದಾಗ ಅವರ ತಾಳ ಏನಾಗುತ್ತೆ ತಿಮ್ಮಕ್ಕ?"

"ಮುಂದೆ ಹಾಡೋರಿಗೆ ಕೊಡ್ತಾರೆ. ಗುರು ಹೇಳ್ಕೊಟ್ಟ ಮಾತೊಂದಿದೆ, ಅದ್ನ ಕಿವೀಲಿ ಹೇಳಿ ಕೈಗೆ ಕೊಡೋದು. ಆವಾಗ್ಲೇ ಅವ್ರು ಮುಮ್ಮೇಳ ಆಗೋದು. ಅಲ್ಲೀಗಂಟ ಎಷ್ಟೇ ಪದ ಬಂದ್ರೂ ಹಿಮ್ಮೇಳಾನೇ."

"ಬೈರಣ್ಣ ಯಾರಿಗೂ ಕೊಡ್ಲಿಲ್ಲ."

ತಿಮ್ಮಕ್ಕ ಕಲ್ಲೊಂದನ್ನು ಆರಿಸಿ ಎಸೆದರು. "ಆಸ್ಪತ್ರೆಗೆ ಹೋಗೋ ಮುಂಚಿನ ಶನಿವಾರ ಎಲ್ಲಾ ಕಾದ್ರು. ಶಿವರಾಜ ಹೊಸ ಪಂಚೆ ಉಟ್ಕೊಂಡು ಬಂದಿದ್ದ. ಇವ್ರು ಮಂಗಳ ಹಾಡಿದ್ರು, ತಾಳ ಚೀಲಕ್ಕೆ ಹಾಕ್ಕೊಂಡು ಎದ್ರು. ಮಗನಿಗೆ ಕೊಡಾಣ ಅಂದ್ರೆ ಅವನಿಗೆ ಸ್ವರ ಇಲ್ಲ. ಹೊರಗಿನವನಿಗೆ ಕೊಡೋಕೆ ಮನ್ಸು ಬರ್ಲಿಲ್ವೋ ಏನೋ. ಅಷ್ಟೊತ್ಗೆ ರವಿ ಹೇಳೇಬಿಟ್ಟ. ಇನ್ಮೇಲೆ ಅಪ್ಪನ ಧ್ವನೀನೆ ಸ್ಪೀಕರ್‌ನಲ್ಲಿ ಹಾಕಾಣ, ಎಲ್ಲಾ ಹಿಂದೆ ಹೇಳಿದ್ರಾಯ್ತು ಅಂತ."

"ಶಿವರಾಜ್ ಏನಂದ?"

"ಸರಿ ಅಂದ. ಅವನು ಯಾವತ್ತು ಇಲ್ಲ ಅಂದವ್ನೆ?"

* * *

ಶನಿವಾರ ಸಂಜೆ ಎಲ್ಲರೂ ಬಂದರು. ದೀಪ ಹಚ್ಚಿತ್ತು. ಬೈರಣ್ಣ ಗೋಡೆಗೊರಗಿ ತಮ್ಮ ಜಾಗದಲ್ಲಿ ಕೂತಿದ್ದರು. ಚೀಲ ಮಡಿಲಲ್ಲಿತ್ತು. ಶಿವರಾಜ್ ಎಂದಿನಂತೆ ಅವರ ಹಿಂದೆ, ಒಂದು ಮೊಳ ಎಡಕ್ಕೆ.

ವಾರಿಜಾ ನಿಂತೇ ಮಾತಾಡಿದರು.

"ಒಂದನೇ ಟ್ರ್ಯಾಕಿನಿಂದ ಯಾರೂ ಧ್ವನಿ ತೆಗೆದಿಲ್ಲ. ಕಾರ್ಡನ್ನೇ ಕಾಪಿ ಮಾಡಿದ್ದಾರೆ. ಕಾಪಿಯಲ್ಲಿ ಒಂದನೇ ಟ್ರ್ಯಾಕ್ ಅಳಿಸಿ, ಅದೇ ಜಾಗದಲ್ಲಿ ಹೊಸದಾಗಿ ತಾಳ ಬಾರಿಸಿ ತುಂಬಿಸಿದ್ದಾರೆ. ಸಂಜೆ ಹೊತ್ತು, ದೇವರ ಕೋಣೇಲಿ, ಇದೇ ಮೆಷಿನ್ನಲ್ಲಿ. ನಿಜವಾದ ಕಾರ್ಡಿಗೆ ಅರಿಶಿನದ ಕಲೆ ಇದೆ. ಅದನ್ನ ಅಳಿಸೋಕೆ ಅವರಿಗೆ ಕೈ ಬಂದಿಲ್ಲ."

"ಧ್ವನಿ ಬೇಡ ಅಂದ್ರೆ ಅಳಿಸಿ ಸುಮ್ನಿರೋದಲ್ವಾ?" ದಿನೇಶ್ ಕೇಳಿದ. "ತಾಳ ಯಾಕೆ?"

"ಅಲ್ಲೇ ಅವರು ಸಿಕ್ಕಿಬಿದ್ದಿದ್ದು. ಬೇರೆ ಯಾರೇ ಆಗಿದ್ರೂ ಖಾಲಿ ಬಿಡ್ತಿದ್ರು. ಇವರಿಗೆ ಅದು ಆಗ್ಲಿಲ್ಲ. ಪದ ನಡೀತಿರೋವಾಗ ತಾಳ ನಿಲ್ಲಬಾರದು ಅಂತ ಈ ಮನೇಲಿ ಕಲಿತವರು. ಕದಿಯೋವಾಗ್ಲೂ ಅದನ್ನ ಮೀರೋಕಾಗ್ಲಿಲ್ಲ."

ಅವರು ಮೆಷಿನ್ನಿನ ಗುಂಡಿ ಒತ್ತಿದರು. "ಕೇಳಿ. ಬೈರಣ್ಣ ಹಾಡಬೇಕಾದ ಕಡೆ ತಾಳ ಮೆತ್ತಗಾಗುತ್ತೆ. ಹಿಮ್ಮೇಳ ಬಂದಾಗ ಜೋರಾಗುತ್ತೆ. ಇದು ಬೈರಣ್ಣನ ಕೈ ಅಲ್ಲ, ಅವರು ತಮ್ಮ ಸಾಲಿಗೆ ಬಿಚ್ಚಿ ಹೊಡೀತಾರೆ. ರವಿ ಕೈಯೂ ಅಲ್ಲ, ಅವನು ಶುರುವಿಂದ ಕೊನೆ ತನಕ ಒಂದೇ ಸಮ. ಇದು ಗುರುವಿನ ಧ್ವನಿ ಎಲ್ಲಿ ಮುಚ್ಚಿಹೋಗುತ್ತೋ ಅಂತ ವಯಸ್ಸೆಲ್ಲಾ ತಾಳ ಅದುಮಿಕೊಂಡು ಕೂತವರ ಕೈ. ಗುರುವಿನ ಧ್ವನಿ ತಾವೇ ತೆಗೆದಿಟ್ಟ ಮೇಲೂ ಅದಕ್ಕೆ ಜಾಗ ಬಿಟ್ಟಿದ್ದಾರೆ."

ಮೆಷಿನ್ನಿನಲ್ಲಿ ತಾಳ ಮೆತ್ತಗಾಯಿತು. ಖಾಲಿ ಜಾಗ ಬಂತು, ಹೋಯಿತು.

ಶಿವರಾಜ್ ಜೇಬಿಗೆ ಕೈ ಹಾಕಿದ. ಫೋಟೋ ಹಾಕಿಕೊಡುವ ಸಣ್ಣ ಕವರು. ಅದನ್ನು ತಿಮ್ಮಕ್ಕನ ಮುಂದೆ ನೆಲದ ಮೇಲಿಟ್ಟ. ಒಳಗೆ ಕಾರ್ಡು. ಬಿಳಿಯ ಚೀಟಿಯ ಮೇಲೆ ಹಳದಿ ಕಲೆ.

"ಶಿವರಾಜಾ," ತಿಮ್ಮಕ್ಕನ ದನಿ ಒಡೆಯಿತು. "ಈ ಕೈಲಿ ನಿಂಗೆ ಅನ್ನ ಇಕ್ಕಿದ್ದೀನಲ್ಲೋ."

"ಥೂ ನಿನ್ನ," ರವಿಕಿರಣ್ ಎದ್ದ. "ಮಾತು ಸತ್ತೋದ ಮನುಷ್ಯನ ಹತ್ರ ಕದ್ದೆಯಲ್ಲೋ!"

"ಕದ್ದೆ," ಎಂದ ಶಿವರಾಜ್. ದನಿ ಏರಲಿಲ್ಲ. "ಆ ಮೆಷಿನ್ ಆರಿಸುವಾಗ ನನ್ನ ಮನಸ್ಸಲ್ಲಿ ಕೆಟ್ಟದ್ದೇನೂ ಇರ್ಲಿಲ್ಲಮ್ಮ. ಅವರಿಗೆ ಸುಸ್ತಾಗಬಾರದು ಅಂತ ಅಷ್ಟೇ. ದೊಡ್ಡ ಮೆಷಿನ್ ತಗೊಂಡಿದ್ರೆ ಅವರ ಧ್ವನಿ ಎಲ್ಲಾರ ಮೈಕಲ್ಲೂ ಬೆರೆತುಹೋಗ್ತಿತ್ತು. ನಾನು ಕದಿಯೋಕೂ ಆಗ್ತಿರ್ಲಿಲ್ಲ."

ಅವನು ಬೈರಣ್ಣನವರ ಬೆನ್ನನ್ನೇ ನೋಡುತ್ತಿದ್ದ. ಆ ಬೆನ್ನು ಅವನಿಗೆ ಅವರ ಮುಖಕ್ಕಿಂತ ಹೆಚ್ಚು ಪರಿಚಯ.

"ಸ್ಪೀಕರ್ ಹಿಂದೆ ಹೇಳು ಅಂದ್ರಿ. ಮನುಷ್ಯನ ಹಿಂದೆ ಹೇಳಿದೆ, ಬೇಜಾರಿಲ್ಲ. ಮುಂದಿನ ಜನ್ಮಕ್ಕೂ ಹೇಳ್ತೀನಿ. ಸಾಯೋ ತನಕ ಮೆಷಿನ್ ಹಿಂದೆ ಹೇಳಬೇಕಾ? ಜಯನಗರದ ಅಂಗಡೀಲಿ ಮೂರು ಮೆಷಿನ್ ಮುಂದೆ ಅರ್ಧ ದಿನ ನಿಂತು, ನನ್ನ ಮಾತು ಕೇಳಿ, ಒಂದನ್ನ ಆರಿಸಿದ್ರಿ ಗುರುಗಳೇ. ಮನುಷ್ಯನ್ನ ಆರಿಸೋದು ತಪ್ಪುತ್ತೆ ಅಂತ ತಾನೆ?"

ಶಿವರಾಜ್ ನೆಲದ ಮೇಲಿನ ಕವರಿನ ಕಡೆ ಕೈ ತೋರಿಸಿದ.

"ಕಾರ್ಡ್ ಮನೆಗೆ ತಗೊಂಡು ಹೋಗಿ ಪೂರ್ತಿ ಕೇಳಿದೆ. ಪದಗಳ ಮಧ್ಯೆ ನೀವು ನೀರು ಕುಡಿದಿದ್ದು, ಕೆಮ್ಮಿದ್ದು, ಶಿವ ಶಿವ ಅಂದಿದ್ದು ಎಲ್ಲಾ ಇದೆ. ನನ್ನ ಕಿವಿಗೆ ಹೇಳಬೇಕಾಗಿದ್ದ ಆ ಒಂದು ಮಾತು ಎಲ್ಲಾದ್ರೂ ಬಿಟ್ಟಿದ್ದೀರೇನೋ ಅಂತ ಹುಡುಕ್ದೆ. ಇಲ್ಲ."

ಅವನು ಎದ್ದ. ನೆಲಕ್ಕೆ ತಲೆ ಮುಟ್ಟಿಸಿ ಕೈ ಮುಗಿದ. ಬಾಗಿಲ ಕಡೆ ನಡೆದ. ಯಾರೂ ತಡೆಯಲಿಲ್ಲ.

ಹಿಂದೆ ಕಂಚಿನ ತಾಳ ಒಂದು ಸಲ ಮೊಳಗಿತು.

ಶಿವರಾಜ್ ನಿಂತುಬಿಟ್ಟ. ಆ ನಾದಕ್ಕೆ ನಿಂತು ರೂಢಿಯಾದ ಕಾಲುಗಳು.

ಬೈರಣ್ಣ ಗೋಡೆ ಹಿಡಿದು ಎದ್ದರು. ರವಿಕಿರಣ್ ಕೈ ಕೊಡಲು ಬಂದ, ಬೇಡವೆಂದು ಕೈ ಆಡಿಸಿದರು. ನಿಧಾನವಾಗಿ ನಡುಮನೆ ದಾಟಿದರು. ಶಿವರಾಜನ ಹೆಗಲು ಹಿಡಿದು, ಅವನ ಬಲಗಿವಿಗೆ ಬಾಯಿ ತಂದರು. ತುಟಿ ಆಡಿದವು. ಮಾತು ಬರಲಿಲ್ಲ. ಪಿಸುಗುಡಲು ಬಾಯಲ್ಲಿ ಉಸಿರೂ ಇರಲಿಲ್ಲ. ಅದು ಕತ್ತಿನ ಬಟ್ಟೆಯನ್ನು ಎತ್ತಿ ಇಳಿಸಿ ಬೇರೆ ದಾರಿಯಲ್ಲಿ ಹೋಗುತ್ತಿತ್ತು. ಒಂದು ತಿಂಗಳ ಹಿಂದೆ ಸುಲಭವಾಗಿ ಆಡಬಹುದಾಗಿದ್ದ ಮಾತು. ಮತ್ತೊಮ್ಮೆ ತುಟಿ ಆಡಿಸಿದರು. ಶಿವರಾಜ್ ಕಣ್ಣು ಮುಚ್ಚಿ, ಏನೂ ಕೇಳಿಸದ ಕಿವಿಯನ್ನು ಹಾಗೇ ಕೊಟ್ಟುಕೊಂಡು ನಿಂತಿದ್ದ.

ಆಮೇಲೆ ಬೈರಣ್ಣ ಅವನ ಕೈ ಬಿಡಿಸಿ ತಾಳವನ್ನು ಅಂಗೈಯಲ್ಲಿಟ್ಟರು. ಸದ್ದಾಗದ ಹಾಗೆ ಅವನ ಬೆರಳುಗಳನ್ನು ಒಂದೊಂದಾಗಿ ಮಡಿಚಿದರು.